ಮಕ್ಕಳ ಐಸ್ ಹಾಕಿ ಸಂಘ ತಲೆಗೆ ಬಂದಿದೆ, ಮೊದಲು ಏನು ಸರಿ ಮಾಡಿಕೊಳ್ಳಲಿ?

ಕೇಳಿದವರು:

ಮಗಳು ಐಸ್ ಹಾಕಿ ಆಡುತ್ತಾಳೆ. ಬೆಳಗಿನ ಜಾವ ರಿಂಕಿಗೆ (ಐಸ್ ಅಂಗಳಕ್ಕೆ) ಬಿಡುವುದು, ಅವಳಿಗಿಂತ ದೊಡ್ಡ ಬ್ಯಾಗ್ ಹೊರುವುದು, ಇಷ್ಟೇ ನನ್ನ ಕೆಲಸವಾಗಿತ್ತು. ಹೋದ ತಿಂಗಳ ಸಭೆಯಲ್ಲಿ ಬೇರೆ ಯಾರೂ ಕೈ ಎತ್ತಲಿಲ್ಲ, ಅಧ್ಯಕ್ಷನ ಕುರ್ಚಿಗೆ ನನ್ನನ್ನು ಕೂರಿಸಿಬಿಟ್ಟರು. 6ರಿಂದ 16 ವರ್ಷದ ಮಕ್ಕಳು, ಸಂಬಳವಿಲ್ಲದೆ ದುಡಿಯುವ ಪಾಲಕರು. ಲೆಕ್ಕ, ಐಸ್ ಬುಕಿಂಗ್ ಹೇಗೋ ಕಲಿಯುತ್ತೇನೆ. ಮಗುವಿಗೆ ಪೆಟ್ಟಾದಾಗ ಏನು ಮಾಡಬೇಕು ಅನ್ನುವುದೇ ಹೆದರಿಕೆ. ಅನುಭವ ಇದ್ದವರು ಹೇಳಿ.

ಆರು ಸೀಸನ್ ಅಧ್ಯಕ್ಷನಾಗಿದ್ದವನು:

ನನ್ನ ಎರಡನೇ ಸೀಸನ್ನಿನ ಸೆಮಿಫೈನಲ್. 13 ವರ್ಷದ ಹುಡುಗ ರಿಂಕಿನ ಸುತ್ತಲ ಗೋಡೆಗೆ ಬಡಿದು ಬಿದ್ದ. ತಾನೇ ಎದ್ದು ಬೆಂಚಿಗೆ ಬಂದ. ಕೋಚ್ ಮೂರು ಬೆರಳು ತೋರಿಸಿ ‘ಎಷ್ಟು?’ ಅಂದರು. ‘ಮೂರು’ ಅಂದ. ಗಾಜಿನ ಆಚೆಯಿಂದ ಅವನ ಅಪ್ಪ ಹೆಬ್ಬೆರಳು ಎತ್ತಿದರು. ಐಸ್ ಮೇಲೆ ಇನ್ನೆರಡು ಸರದಿ ಆಡಿದ ಮೇಲೆ ಆ ಹುಡುಗ ಎದುರು ಟೀಮಿನ ಬೆಂಚಿಗೆ ಹೋಗಿ, ಬಾಗಿಲು ತೆಗೆಯಲಿ ಅಂತ ಕಾಯುತ್ತಾ ನಿಂತ. ಎಲ್ಲರೂ ನಕ್ಕರು. ನಾನೂ ನಕ್ಕೆ. ರಾತ್ರಿ ವಾಂತಿ, ತಲೆನೋವು. ಕನ್ಕಷನ್, ಅಂದರೆ ಪೆಟ್ಟಿಗೆ ಮೆದುಳು ಅಲುಗಿ ಆಗುವ ಗಾಯ, ಅಂತ ಗೊತ್ತಾಯಿತು. ಹುಷಾರಾದ, ಆದರೆ ಐದು ವಾರ ಒಂದು ಪುಟ ಓದಲೂ ಒದ್ದಾಡಿದ.

ಅಲ್ಲಿ ಯಾರೂ ಕೆಟ್ಟವರಲ್ಲ. ಕೋಚಿಗೆ ಪಂದ್ಯ ಬೇಕು, ಅಪ್ಪನಿಗೆ ಮಗ ಆಡಬೇಕು, ಹುಡುಗನಿಗೆ ಬೆಂಚಿನಲ್ಲಿ ಕೂರುವುದೇ ಬೇಡ. ಈ ಮೂವರ ಕೈಗೇ ತೀರ್ಮಾನ ಬಿಟ್ಟಿದ್ದು ಸಂಘದ ತಪ್ಪು. ಆದ್ದರಿಂದ ನಿಮ್ಮ ಮೊದಲ ಕೆಲಸ ಇದು: ಪ್ರತಿ ಟೀಮಿಗೆ ಕೋಚ್ ಅಲ್ಲದ ಒಬ್ಬರನ್ನು ಸುರಕ್ಷತೆಗೆ ಅಂತಲೇ ನೇಮಿಸಿ. ತಲೆಗೆ ಪೆಟ್ಟಾಗಿರಬಹುದು ಅಂತ ಅವರಿಗೆ ಅನುಮಾನ ಬಂದರೆ ಸಾಕು, ಆ ಮಗುವಿನ ಆಟ ಅವತ್ತಿಗೆ ಮುಗಿಯಿತು. ಕೋಚ್, ಪಾಲಕರು, ನೀವು ಕೂಡ, ಯಾರೂ ಮರುಮಾತಾಡುವ ಹಾಗಿಲ್ಲ. ಸೀಸನ್ ಶುರುವಾಗುವ ಮೊದಲೇ ಎಲ್ಲರ ಸಹಿ ತೆಗೆದುಕೊಳ್ಳಿ. ಆಗ ಯಾರಿಗೂ ಯಾರ ಮೇಲೂ ಕೋಪ ಮಾಡಿಕೊಳ್ಳಲು ಕಾರಣ ಇರುವುದಿಲ್ಲ ನೋಡಿ.

ಬೆರಳು ಎಣಿಸುವ ಪರೀಕ್ಷೆ ಬಿಡಿ. ಈಗ ಯಾವ ಪಿರಿಯಡ್, ಕೊನೆಯ ಗೋಲು ಯಾರದು, ಹೋದ ಪಂದ್ಯ ಗೆದ್ದೆವಾ, ಹೀಗೆ ಕೇಳಿ. ಎಲ್ಲದಕ್ಕೂ ಸರಿಯಾಗಿ ಉತ್ತರ ಬಂತು ಅಂತ ವಾಪಸ್ ಆಡಲು ಬಿಡಬೇಡಿ. ಪ್ರಜ್ಞೆ ತಪ್ಪದೆಯೂ ಕನ್ಕಷನ್ ಆಗುತ್ತದೆ, ಲಕ್ಷಣಗಳು ಕೆಲವು ಗಂಟೆ ಬಿಟ್ಟು ಕಾಣಬಹುದು. ಹೆಲ್ಮೆಟ್ ತಲೆಬುರುಡೆ ಒಡೆಯದಂತೆ ಕಾಯುತ್ತದೆ. ಒಳಗೆ ಮೆದುಳು ಅಲುಗುವುದನ್ನು ಅದು ತಡೆಯಲಾರದು. ಕುತ್ತಿಗೆ ನೋವು ಅಂದರೆ ಮಗುವನ್ನು ಐಸ್ ಮೇಲಿಂದ ಎತ್ತಬೇಡಿ, ಹೆಲ್ಮೆಟ್ಟೂ ಬಿಚ್ಚಬೇಡಿ, ಆಂಬುಲೆನ್ಸ್ ಕರೆಯಿರಿ. ಮತ್ತೆ ಮತ್ತೆ ವಾಂತಿ, ಫಿಟ್ಸ್, ಜಾಸ್ತಿಯಾಗುತ್ತಲೇ ಹೋಗುವ ತಲೆನೋವು, ಕೈಕಾಲಿನಲ್ಲಿ ಶಕ್ತಿ ಇಲ್ಲ ಅನ್ನುವುದು, ಇವಕ್ಕೂ ಅಷ್ಟೇ.

ಹಿಂದೆಲ್ಲ ಕತ್ತಲೆ ಕೋಣೆಯಲ್ಲಿ ದಿನಗಟ್ಟಲೆ ಮಲಗಿಸುತ್ತಿದ್ದರು. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ್ದ ತಜ್ಞರು ಅದು ಬೇಡ ಅಂದರು. ಮೊದಲ 24ರಿಂದ 48 ಗಂಟೆ ಆರಾಮ, ಸ್ಕ್ರೀನ್ ಕಡಿಮೆ, ಸಣ್ಣ ನಡಿಗೆ ಪರವಾಗಿಲ್ಲ. ಆಟಕ್ಕೆ ವಾಪಸಾಗಲು ಆರು ಮೆಟ್ಟಿಲು, ಒಂದೊಂದಕ್ಕೂ ಕಡಿಮೆ ಅಂದರೆ 24 ಗಂಟೆ. ಮೊದಲು ಶಾಲೆ ಸರಿಯಾಗಬೇಕು. ಮೈಗೆ ಮೈ ತಾಗುವ ಪ್ರಾಕ್ಟೀಸಿಗೆ ಮುಂಚೆ ಡಾಕ್ಟರ ಚೀಟಿ ಬೇಕೇ ಬೇಕು. ಚೀಟಿ ಅಧ್ಯಕ್ಷರಿಗೆ ಬರಲಿ, ಕೋಚಿಗಲ್ಲ.

ಹಾಂ, ರಿಂಕಿನಲ್ಲಿ ಎಇಡಿ (ನಿಂತ ಹೃದಯಕ್ಕೆ ಶಾಕ್ ಕೊಡುವ ಯಂತ್ರ) ಎಲ್ಲಿದೆ ಅಂತ ಇವತ್ತೇ ನೋಡಿ. ಪಕ್ (ಆಟದ ಗಟ್ಟಿ ರಬ್ಬರ್ ಬಿಲ್ಲೆ) ಎದೆಗೆ ಬಡಿದು ಹೃದಯ ನಿಲ್ಲುವುದು ತುಂಬಾ ಅಪರೂಪ. ನಿಂತರೆ ಮಾತ್ರ ಒಂದೊಂದು ನಿಮಿಷವೂ ಲೆಕ್ಕ.

ಗೋಲಿಯ (ಗೋಲ್ ಕೀಪರ್ ಹುಡುಗನ) ತಾಯಿ, ಸಂಘದ ಸಾಮಾನಿನ ಕೋಣೆ ನೋಡಿಕೊಳ್ಳುವವಳು:

ಪೆಟ್ಟಿನ ಮಾತು ಅವರು ಹೇಳಿದರು. ನಾನು ವಾಸನೆಯ ಬಗ್ಗೆ ಹೇಳುತ್ತೇನೆ. ನಗಬೇಡಿ. ಒದ್ದೆ ಗ್ಲವ್ಸ್, ಪ್ಯಾಡ್ ಎಲ್ಲವನ್ನೂ ಬ್ಯಾಗಿನಲ್ಲೇ ಬಿಟ್ಟು ಜಿಪ್ ಎಳೆದರೆ ಒಳಗೆ ಬ್ಯಾಕ್ಟೀರಿಯಾ, ಫಂಗಸ್ ಹಬ್ಬ ಮಾಡುತ್ತವೆ. ಒಂದು ವರ್ಷ ನಮ್ಮ ಒಂದು ಟೀಮಿನಲ್ಲಿ ನಾಲ್ಕು ಮಕ್ಕಳಿಗೆ ಗಲ್ಲದ ಕೆಳಗೆ ಕೀವು ಗುಳ್ಳೆ. ನಾಲ್ವರೂ ಸಂಘದ ಒಂದೇ ಹೆಲ್ಮೆಟ್ಟನ್ನು ಸರದಿ ಮೇಲೆ ಹಾಕಿದ್ದರು. ಆಮೇಲೆ ನಾನು ಸಾಮಾನು ಕೊಟ್ಟರೆ ಇಡೀ ಸೀಸನ್ನಿಗೆ ಒಬ್ಬರಿಗೇ. ಮನೆಗೆ ಹೋದ ತಕ್ಷಣ ಬ್ಯಾಗ್ ಪೂರ್ತಿ ತೆರೆದು ಗಾಳಿಗೆ ಹಾಕಿಸಿ. ಮಕ್ಕಳು ಮಾಡುವುದಿಲ್ಲ, ಅಪ್ಪ ಅಮ್ಮನೇ ಮಾಡಬೇಕು.

ನೀರಿನ ಬಾಟಲಿ ತಲೆಗೊಂದು, ಹೆಸರು ಬರೆದು. 2014ರಲ್ಲಿ ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನಲ್ಲೇ ಮಂಗನಬಾವು ಟೀಮಿಂದ ಟೀಮಿಗೆ ಹರಡಿತ್ತು, ಸ್ಟಾರ್ ಆಟಗಾರ ಸಿಡ್ನಿ ಕ್ರಾಸ್ಬಿಯನ್ನೂ ಬಿಡಲಿಲ್ಲ. ಅಂಥವರಿಗೇ ಹಾಗಾದರೆ ಒಂದೇ ಬಾಟಲಿಗೆ ಆರು ಬಾಯಿ ಇಡುವ ನಮ್ಮ ಮಕ್ಕಳ ಕಥೆ ಏನು?

ನೆಕ್ ಗಾರ್ಡ್ (ಕುತ್ತಿಗೆ ಕಾಯುವ ಪಟ್ಟಿ) ವಿಷಯದಲ್ಲಿ ಚೌಕಾಸಿ ಬೇಡ. 2023ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆ್ಯಡಮ್ ಜಾನ್ಸನ್ ಅನ್ನುವ ಆಟಗಾರ ಕುತ್ತಿಗೆಗೆ ಸ್ಕೇಟಿನ ಅಲಗು ತಾಗಿ ತೀರಿಕೊಂಡ. ಯುಎಸ್‌ಎ ಹಾಕಿ (ಅಮೆರಿಕದ ಐಸ್ ಹಾಕಿ ಸಂಸ್ಥೆ) 2024ರ ಆಗಸ್ಟ್‌ನಿಂದ ಮಕ್ಕಳಿಗೆ ಅದನ್ನು ಕಡ್ಡಾಯ ಮಾಡಿತು. ನನ್ನ ಮಗ ಈಗಲೂ ಕಚ್ಚುತ್ತದೆ ಅಂತ ಗೊಣಗುತ್ತಾನೆ. ಗೊಣಗಲಿ. ಹಾಗೆಯೇ ದಾನ ಬಂದ ಹೆಲ್ಮೆಟ್ ಸುಮ್ನೆ ಕಪಾಟಿಗೆ ಸೇರಿಸಬೇಡಿ. ಸುರಕ್ಷತೆಯ ಪ್ರಮಾಣಕ್ಕೆ ಅಂಟಿಸುವ ಅಮೆರಿಕದ ಎಚ್‌ಇಸಿಸಿ ಸ್ಟಿಕ್ಕರ್‌ಗೆ ಹೆಲ್ಮೆಟ್ ತಯಾರಾದಾಗಿನಿಂದ ಆರೂವರೆ ವರ್ಷವಷ್ಟೇ ಆಯಸ್ಸು.

ರಿಂಕಿನ ಐಸ್ ನಯ ಮಾಡುವ ಮೆಷಿನ್ ಓಡಿಸುವವನು:

ನನ್ನದು ಒಂದೇ ಮಾತು. ಒಂದು ಮಗುವಿಗೆ ತಲೆನೋವು ಬಂದರೆ ಪೆಟ್ಟು ನೆನಪಿಸಿಕೊಳ್ಳಿ. ಐದಾರು ಮಕ್ಕಳಿಗೆ ಒಟ್ಟಿಗೆ ತಲೆನೋವು, ಹೊಟ್ಟೆ ತೊಳಸುವುದು, ಸುಸ್ತು ಅಂದರೆ ಗಾಳಿ ನೆನಪಿಸಿಕೊಳ್ಳಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ. ಪ್ರೊಪೇನ್, ಪೆಟ್ರೋಲ್ ಮೆಷಿನ್ನುಗಳು ಕಾರ್ಬನ್ ಮಾನಾಕ್ಸೈಡ್ ಬಿಡುತ್ತವೆ, ಅದಕ್ಕೆ ವಾಸನೆಯೇ ಇಲ್ಲ. ನೈಟ್ರೋಜನ್ ಡೈ ಆಕ್ಸೈಡ್ ಕೂಡ ಬರುತ್ತದೆ, ಅದು ಶ್ವಾಸಕೋಶಕ್ಕೆ ಪೆಟ್ಟು, ಕೆಮ್ಮು ಗಂಟೆಗಳ ನಂತರ ಶುರುವಾಗಬಹುದು. ತಣ್ಣನೆ ಗಾಳಿ ನೆಲದ ಹತ್ತಿರವೇ ನಿಲ್ಲುತ್ತದೆ, ಸುತ್ತ ಗಾಜು ಬೇರೆ, ಹೊಗೆ ಮಕ್ಕಳ ಮೂಗಿನ ಮಟ್ಟದಲ್ಲೇ ಉಳಿದುಬಿಡುತ್ತದೆ. ಈ ಅನಿಲ ಅಳೆಯುವ ಮೀಟರ್ ಇದೆಯಾ, ಫ್ಯಾನ್ ಹಾಕುತ್ತೀರಾ ಅಂತ ರಿಂಕಿನವರನ್ನು ಕೇಳಿ. ಕೇಳಿದರೆ ನಮಗೇನೂ ಬೇಜಾರಿಲ್ಲ.

ಒಬ್ಬ ಕೋಚ್:

ಮೇಲೆ ಆರು ಸೀಸನ್ ಅಧ್ಯಕ್ಷರಾಗಿದ್ದವರು ಬರೆದದ್ದು ಓದಿ ಮೊದಲು ಸಿಟ್ಟು ಬಂತು. ಕೋಚ್‌ಗಳೆಲ್ಲ ಗೆಲ್ಲಲಿಕ್ಕೇ ಹುಟ್ಟಿದವರಾ? ಆಮೇಲೆ ಯೋಚಿಸಿದೆ. ಸತ್ಯ ಹೇಳಬೇಕೆಂದರೆ ಆ ತೀರ್ಮಾನ ನನ್ನ ಕೈಯಿಂದ ಹೋದಾಗ ನನಗೇ ಹಗುರವಾಗಿತ್ತು. ‘ನನ್ನನ್ನು ಕೇಳಬೇಡಿ, ಅವರನ್ನು ಕೇಳಿ’ ಅಂದರೆ ಮುಗಿಯಿತು.

ಬಾಡಿ ಚೆಕಿಂಗ್ (ಎದುರಾಳಿಗೆ ಮೈಯಿಂದ ಡಿಕ್ಕಿ ಹೊಡೆದು ಪಕ್ ಕಸಿಯುವುದು) ಸಣ್ಣ ವಯಸ್ಸಿಗೇ ಕಲಿಸಿದರೆ ಒಳ್ಳೆಯದು ಅಂತ ನಾನೂ ವಾದ ಮಾಡುತ್ತಿದ್ದೆ. ಕೆನಡಾದಲ್ಲಿ 11–12 ವಯಸ್ಸಿನ ಮಕ್ಕಳನ್ನು ಹೋಲಿಸಿದರು. ಆಲ್ಬರ್ಟಾದಲ್ಲಿ ಚೆಕಿಂಗ್ ಇತ್ತು, ಕ್ವಿಬೆಕ್‌ನಲ್ಲಿ ಇರಲಿಲ್ಲ. ಆಲ್ಬರ್ಟಾದ ಮಕ್ಕಳಿಗೆ ಪಂದ್ಯದಲ್ಲಿ ಪೆಟ್ಟಾಗುವ ಅಪಾಯ ಮೂರು ಪಟ್ಟಿಗಿಂತ ಜಾಸ್ತಿ. ಅದು 2010ರ ಲೆಕ್ಕ. ಅಮೆರಿಕ 2011ರಲ್ಲಿ, ಕೆನಡಾ 2013ರಲ್ಲಿ ಆ ವಯಸ್ಸಿಗೆ ಚೆಕಿಂಗ್ ತೆಗೆದವು. ನನ್ನ ವಾದವೂ ಅಲ್ಲಿಗೆ ಬಿತ್ತು.

ನನಗೆ ಈಗ ಜಾಸ್ತಿ ಕಾಣುವುದು ಬೇರೆ ಥರದ ನೋವು. ವರ್ಷವಿಡೀ ಆಡುವ ಗೋಲಿಗಳು. ಮಂಡಿ ಒಳಗೆ ಮಡಿಸಿ ಬಟರ್‌ಫ್ಲೈ ಭಂಗಿಯಲ್ಲಿ ಕೂತು ಕೂತು 14ಕ್ಕೇ ಸೊಂಟ ಹಿಡಿದುಕೊಂಡು ನಡೆಯುತ್ತಾರೆ. ವಾರಕ್ಕೆ ಒಂದು ದಿನವಾದರೂ ರಜೆ, ವರ್ಷದಲ್ಲಿ ಎರಡು ಮೂರು ತಿಂಗಳು ಈ ಆಟವೇ ಬೇಡ ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ಬೇಸಿಗೆಯ ಐಸ್ ಬುಕ್ ಮಾಡುವ ಮೊದಲು ನಿಮ್ಮ ಕಮಿಟಿ ಇದನ್ನೊಮ್ಮೆ ಮಾತಾಡಲಿ. ಬೇಸಿಗೆ ಕ್ಯಾಂಪಿನಿಂದ ಸಂಘಕ್ಕೆ ದುಡ್ಡು ಬರುತ್ತದೆ, ಅದೇ ಕಷ್ಟ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಒಂದು ಅನುಮಾನ. ಫೈನಲ್ ದಿನ ಒಬ್ಬ ಅಪ್ಪ ‘ನನ್ನ ಮಗ ಸರಿಯಾಗಿದ್ದಾನೆ, ಜವಾಬ್ದಾರಿ ನನ್ನದು, ಬರೆದುಕೊಡುತ್ತೇನೆ’ ಅಂದರೆ?

ಆರು ಸೀಸನ್ ಅಧ್ಯಕ್ಷನಾಗಿದ್ದವನು:

ಅಂದೇ ಅನ್ನುತ್ತಾರೆ. ನನಗೆ ಮೂರು ಸಲ ಆಗಿದೆ. ವಾದಕ್ಕೆ ಇಳಿಯಬೇಡಿ. ಸೀಸನ್ ಶುರುವಿನಲ್ಲಿ ಅವರೇ ಸಹಿ ಹಾಕಿದ ಹಾಳೆ ತೋರಿಸಿ, ‘ಇದು ನನ್ನ ತೀರ್ಮಾನ ಅಲ್ಲ’ ಅನ್ನಿ. ಹುಡುಗನ ಹೆಲ್ಮೆಟ್ ತೆಗೆದು ಸುರಕ್ಷತೆಯವರ ಕೈಯಲ್ಲಿ ಇಡಿ. ಹೆಲ್ಮೆಟ್ ಇಲ್ಲದೆ ಐಸಿಗೆ ಇಳಿಯಲು ಆಗಲ್ಲ, ಅಲ್ವಾ? ಒಬ್ಬ ಅಪ್ಪ ಇಡೀ ಸೀಸನ್ ನನ್ನ ಜೊತೆ ಮಾತು ಬಿಟ್ಟರು. ಮುಂದಿನ ವರ್ಷ ಅವರೇ ಆ ಸುರಕ್ಷತೆಯ ಕೆಲಸಕ್ಕೆ ಹೆಸರು ಕೊಟ್ಟರು.

ಕೇಳಿದವರು:

ಸಂಜೆ ರಿಂಕಿಗೆ ಹೋಗಿ ಎಇಡಿ ಕೇಳಿದೆ. ಇದೆಯಂತೆ. ಆಫೀಸಿನ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದಾರೆ. ಕೀ ಮ್ಯಾನೇಜರ್ ಮನೆಯಲ್ಲಿ.