ಆಮದು ಸುಂಕ ತೆಗೆದರೆ ರಾಯಚೂರು ಗಂಜ್‌ನಲ್ಲಿ ಹತ್ತಿ ದರ ಯಾಕೆ ಇಳೀಬೇಕು?

ಎರೆಹೊಲ (ಮಾನ್ವಿ):
ಜಾಗತೀಕರಣದ ಲಾಭ-ಹಾನಿ ಅಂದಕೂಡಲೇ ಮೊಬೈಲು, ಸಾಫ್ಟ್‌ವೇರ್ ಮಾತು ಬರ್ತದೆ. ನಮ್ಮ ಹತ್ತಿ ಹಿಡಿದು ಯಾರಾದರೂ ಲೆಕ್ಕ ಹೇಳ್ರಿ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಶೇ 11ರ ಆಮದು ಸುಂಕ ತೆಗೀತು, ಆಮೇಲೆ ಅದನ್ನ ಡಿಸೆಂಬರ್ 31ರವರೆಗೂ ಮುಂದುವರಿಸಿತು. ನಾವು ಹತ್ತಿ ಬಿಡಿಸೋ ಕಾಲವೂ ಅದೇ. ಹಡಗಿನಲ್ಲಿ ಬರೋ ಅರಳೆಗೂ (ಕಾಳು ತೆಗೆದ ಹತ್ತಿ) ಗಂಜ್‌ನ, ಅಂದ್ರೆ ನಮ್ಮ ಕೃಷಿ ಮಾರುಕಟ್ಟೆಯ ಟೆಂಡರ್‌ಗೂ ಏನು ಸಂಬಂಧ?

ಜಿನ್‌ಲೆಕ್ಕ (ರಾಯಚೂರು):
ನೇರ ಸಂಬಂಧ ಐತ್ರಿ. ಅರಳೆಯ ದರ ನ್ಯೂಯಾರ್ಕ್‌ನಲ್ಲಿ ಪೌಂಡಿಗೆ ಇಷ್ಟು ಸೆಂಟ್ ಅಂತ ನಡೀತದೆ. ಲೆಕ್ಕಕ್ಕೆ 70 ಸೆಂಟ್, ಡಾಲರಿಗೆ 85 ರೂಪಾಯಿ ಹಿಡೀರಿ. ಪೌಂಡ್ ಅಂದ್ರೆ 453.6 ಗ್ರಾಂ, ಹಂಗಾಗಿ ಕೆಜಿಗೆ ಸುಮಾರು 131 ರೂಪಾಯಿ. ಇದರ ಮೇಲೆ ಶೇ 11 ಅಂದ್ರೆ 14 ರೂಪಾಯಿ ಚಿಲ್ಲರೆ. ಒಂದು ಕ್ವಿಂಟಲ್ ಹತ್ತಿ ಜಿನ್ ಮಾಡಿದರೆ (ಕಾಳು ಬೇರೆ ಮಾಡಿದರೆ) 33ರಿಂದ 35 ಕೆಜಿ ಅರಳೆ. ಸುಂಕ ಹೋದರೆ ನಿಮ್ಮ ಕ್ವಿಂಟಲ್ ಮೇಲೆ 475-505 ರೂಪಾಯಿ ಒತ್ತಡ ಬಿತ್ತು (ಹಡಗಿನ ಬಾಡಿಗೆ ಬಿಟ್ಟು ಹೇಳಿದ್ದು). ಜಿನ್ನಿಂಗ್ ಕೂಲಿ, ಕರೆಂಟು ಕಡಿಮೆ ಆಗೋದಿಲ್ಲ. ಮಿಲ್‌ನವರು ಆ ಕಡಿತವನ್ನ ಹತ್ತಿಯ ದರದಲ್ಲೇ ಮುರಕೊಳ್ತಾರೆ.

ಆಸರೆ ಅಂದ್ರೆ ಬೆಂಬಲ ಬೆಲೆ. 2025-26ಕ್ಕೆ ಉದ್ದೆಳೆ ಹತ್ತಿಗೆ 8,110 ರೂಪಾಯಿ. ಆದರೆ ಆ ದರದಲ್ಲಿ ಕೊಳ್ಳೋ ಸಿಸಿಐ (ಭಾರತೀಯ ಹತ್ತಿ ನಿಗಮ) ಪೂರ್ತಿ ದರ ಕೊಡೋದು ತೇವಾಂಶ ಶೇ 8 ಇದ್ದರೆ. ಶೇ 12ರವರೆಗೆ ಕಡಿತ, ಅದು ದಾಟಿದರೆ ವಾಪಸ್. ಇಬ್ಬನಿ ಆರೋ ಮುಂಚೆ ಬಿಡಿಸಿ ಸೀದಾ ಗಾಡಿಗೆ ತುಂಬಿದ ಹತ್ತಿ ಅಲ್ಲೇ ಸೋಲ್ತದೆ.

ಕೀಟಬಲೆ (ಲಿಂಗಸುಗೂರು):
ದರಕ್ಕಿಂತ ಮೊದಲು ಬೀಜ ನೋಡ್ರಿ. 2002ರಲ್ಲಿ ಬಿಟಿ (ಹುಳ ಕೊಲ್ಲೋ ಜೀನು ಸೇರಿಸಿದ ಬೀಜ) ಬಂದಾಗ ಹಸಿರು ಕಾಯಿಕೊರಕಕ್ಕೆ ಹೊಡೆಯೋ ಔಷಧಿ ಖರ್ಚು ಇಳೀತು, ಅದು ನಿಜವಾದ ಲಾಭ. 2006ರಲ್ಲಿ ಎರಡು ಜೀನಿನ ಬೀಜ ಬಂತು. ಈಗ ಗುಲಾಬಿ ಕಾಯಿಕೊರಕ ಅದಕ್ಕೂ ಬಗ್ಗೋದಿಲ್ಲ. 450 ಗ್ರಾಂ ಪಾಕೀಟಿನ ಜೊತೆ ಬರ್ತಿದ್ದ 120 ಗ್ರಾಂ ಸಾದಾ ಬೀಜವನ್ನ, ಹುಳ ಬಿಟಿಗೆ ಒಗ್ಗಿಕೊಳ್ಳದಂಗೆ, ಹೊಲದ ಸುತ್ತ ಬಿತ್ತಬೇಕಿತ್ತು. ಬಹಳ ಕಡೆ ಬಿತ್ತಲೇ ಇಲ್ಲ. ಮೇಲಾಗಿ ನೀರು ಸಿಕ್ಕರೆ ಫೆಬ್ರುವರಿ, ಮಾರ್ಚ್‌ವರೆಗೂ ಬೆಳೆ ಎಳೀತೀವಿ. ಹುಳಕ್ಕೆ ವರ್ಷಪೂರ್ತಿ ಊಟ ಹಾಕಿದಂಗಾಯ್ತು.

ಅಮೆರಿಕದಲ್ಲೂ ಇದೇ ಬಿಟಿ. ಅದರ ಜೊತೆ ಬಂಜೆ ಪತಂಗ ಬಿಟ್ಟು, ಹತ್ತಿಕಟ್ಟಿಗೆ ಕಡ್ಡಾಯವಾಗಿ ನಾಶ ಮಾಡಿಸಿ 2018ರಲ್ಲಿ ಈ ಹುಳ ನಿರ್ಮೂಲ ಆಯ್ತು ಅಂತ ಘೋಷಿಸಿದರು. ನಮಗೆ ಬೀಜ ಮಾತ್ರ ಬಂತು, ಜೊತೆಗಿನ ವ್ಯವಸ್ಥೆ ಬರಲಿಲ್ಲ. ಅದೇ ನನಗೆ ಸಂಕಟ.

ಬಿತ್ತಿದ 45 ದಿನಕ್ಕೆ ಎಕರೆಗೆ ಎರಡು ಮೋಹಕ ಬಲೆ (ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನ ಸೆಳೆಯೋ ಬಲೆ) ಕಟ್ರಿ. ಒಂದು ಬಲೆಗೆ ದಿನಕ್ಕೆ 8 ಪತಂಗದಂತೆ ಮೂರು ದಿನ ಸತತ ಬಿದ್ದರೆ ಔಷಧಿಗೆ ಹೊತ್ತಾಯ್ತು. ಪಕಳೆ ಬಿಚ್ಚದೆ ಸುರುಳಿ ಸುತ್ತಿಕೊಂಡ ಹೂ ಕಂಡರೆ ಕಿತ್ತು ಸುಡ್ರಿ, ಹುಳ ಒಳಗೇ ಇರ್ತದೆ.

ಹೊಲಿಗೆಮನೆ (ಬಳ್ಳಾರಿ):
ಮಾನ್ವಿಯವರಿಗೆ ಬೇಸರ ಆಗಬಹುದು, ಆದರೆ ಸುಂಕ ತೆಗೆದದ್ದು ಇಲ್ಲಿಯ ಜೀನ್ಸ್‌ನವರಿಗೆ ಬೇಕಿತ್ತು. 2011ರಿಂದ ಬಾಂಗ್ಲಾದ ಸಿದ್ಧ ಉಡುಪು ಸುಂಕವಿಲ್ಲದೆ ಒಳಗೆ ಬರ್ತಿದೆ. ಅದರ ಎದುರು ನಿಲ್ಲೋಕೆ ಬಟ್ಟೆ ಅಗ್ಗ ಆಗಲೇಬೇಕು. ಒಂದು ಪ್ಯಾಂಟಿಗೆ ಹೆಚ್ಚುಕಡಿಮೆ 700 ಗ್ರಾಂ ಅರಳೆ ಹಿಡೀರಿ, ಮೇಲಿನ ಲೆಕ್ಕದಲ್ಲಿ ಉಳಿಯೋದು 10 ರೂಪಾಯಿ. ಅದು ನೂಲಿನ ಮಿಲ್ಲು, ಡೆನಿಮ್ ಮಿಲ್ಲು ದಾಟಿ ಬಳ್ಳಾರಿಗೆ ಬರೋ ಹೊತ್ತಿಗೆ ಎಷ್ಟು ಉಳಿದಿರ್ತದೆ ಅನ್ನೋದೇ ಪ್ರಶ್ನೆ. ಪೀಸ್ ಲೆಕ್ಕದಲ್ಲಿ ಹೊಲಿಯೋರ ಕೂಲಿಗಂತೂ ಅದು ಮುಟ್ಟೋದಿಲ್ಲ.

ಇನ್ನೊಂದು ಮಾತು. ದಯವಿಟ್ಟು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಹತ್ತಿ ತುಂಬಬ್ಯಾಡ್ರಿ. ಚೀಲದ ಎಳೆ ನೂಲಿನೊಳಗೆ ಸೇರಿದರೆ ನೀಲಿ ಬಣ್ಣ ಹಿಡಿಯೋದಿಲ್ಲ, ಬಟ್ಟೆಯಲ್ಲಿ ಬಿಳಿ ಗೆರೆಯಾಗಿ ಎದ್ದು ಕಾಣ್ತದೆ. ಆ ತುಂಡು ಪೂರ್ತಿ ಬಿಸಾಕಬೇಕು. ಹೊರಗಿನ ಅರಳೆಯನ್ನ ಮಿಲ್‌ನವರು ಇಷ್ಟಪಡೋದಕ್ಕೆ ಇದೂ ಒಂದು ಕಾರಣ.

ಎರೆಹೊಲ (ಮಾನ್ವಿ):
ಲೆಕ್ಕ ತಿಳೀತು. ಮೀಟರ್ ಇಲ್ಲದೆ ತೇವ ನೋಡೋದು ಹೆಂಗ್ರಿ?

ಜಿನ್‌ಲೆಕ್ಕ (ರಾಯಚೂರು):
ಔಷಧಿ ಹೊಡೆದು ಬಹಳ ದಿನ ಆಗಿದ್ದರೆ, ರಾಶಿಯ ನಡುವಿನಿಂದ ಒಂದು ಹತ್ತಿಕಾಳು ತೆಗೆದು ಹಲ್ಲಲ್ಲಿ ಕಡೀರಿ. ಕಟ್ ಅಂತ ಒಡೆದರೆ ಒಣಗೇದ. ಮೆತ್ತಗೆ ಚಪ್ಪಟೆ ಆದರೆ ತಾಡಪಾಲಿನ ಮೇಲೆ ತೆಳ್ಳಗೆ ಹರವಿ ಇನ್ನೊಂದು ದಿನ ಬಿಸಿಲಿಗೆ ಬಿಡ್ರಿ. ಮೊದಲ ಬಿಡಿಸಿನ ಹತ್ತಿಗೆ ಕೊನೆಯ ಬಿಡಿಸಿನ ಕಲೆಬಿದ್ದ ಹತ್ತಿ ಬೆರೆಸಬ್ಯಾಡ್ರಿ, ಇಡೀ ಲಾಟಿಗೆ ಕೆಳಗಿನ ದರವೇ ಬೀಳ್ತದೆ.