ಮನೆಯಲ್ಲಿ ಎಲ್ಲ ಸರಿ, ಟೆಸ್ಟ್‌ನಲ್ಲಿ ಚಿಹ್ನೆ ಉಲ್ಟಾ: ಅಸಮಾನತೆ ಅಭ್ಯಾಸ ಮಾಡೋದು ಹೇಗೆ?

ಮೈನಸ್ ಭಯ:
ಕಾಲೇಜು ಪ್ರವೇಶ ಪರೀಕ್ಷೆಗೆ ಇನ್ನು ಆರು ವಾರ ಇದೆ. ರೇಖಾತ್ಮಕ ಸಮೀಕರಣ ನನಗೆ ತೊಂದರೆ ಕೊಡಲ್ಲ. ಅಸಮಾನತೆ, ಅಂದರೆ ≥, ≤ ಥರದ ಚಿಹ್ನೆಯ ಲೆಕ್ಕ ಬಂದಾಗ ಮಾತ್ರ ಎಡವುತ್ತೇನೆ. ಮೊನ್ನೆ ಮಾದರಿ ಪರೀಕ್ಷೆಯಲ್ಲಿ 7 − 2ಎಕ್ಸ್ ≥ 15 ಬಂದಿತ್ತು. 7 ಅನ್ನು ಆಚೆ ಕಳಿಸಿದೆ, −2ಎಕ್ಸ್ ≥ 8 ಆಯ್ತು. −2ರಿಂದ ಭಾಗಿಸಿ ಎಕ್ಸ್ ≥ −4 ಅಂತ ಗುರುತು ಹಾಕಿ ಮುಂದೆ ಹೋದೆ. ಮೈನಸ್ ಸಂಖ್ಯೆಯಿಂದ ಭಾಗಿಸಿದರೆ ಚಿಹ್ನೆ ತಿರುಗಿಸಬೇಕು (≥ ಇದ್ದದ್ದು ≤) ಅನ್ನೋದು ಗೊತ್ತಿಲ್ಲದ್ದೇನಲ್ಲ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತೀನಿ! ಹೊಟ್ಟೆ ಉರಿದಿದ್ದು ಏನಂದ್ರೆ, ಆ ತಪ್ಪು ಉತ್ತರವೂ ಆಯ್ಕೆಗಳಲ್ಲಿ ನನಗೇ ಅಂತ ಕಾದು ಕೂತಿತ್ತು. ಇನ್ನೂ 200 ಲೆಕ್ಕ ಮಾಡಿದರೆ ಸರಿಹೋಗುತ್ತಾ?

ಹಳೇ ಪೆನ್ಸಿಲ್:
200 ಬೇಡ. 20 ಸಾಕು, ಆದರೆ ದಾರಿ ಬದಲಿಸಿ. ನಾನೂ ಮೊದಲ ಸಲ ಬರೆದಾಗ ಇದೇ ಹಳ್ಳಕ್ಕೆ ಬಿದ್ದವನು.

ಎಕ್ಸ್‌ಗೆ ಮೈನಸ್ ಇದ್ದರೆ ಅದನ್ನು ಆಚೆ ದಾಟಿಸಿಬಿಡಿ. 7 − 15 ≥ 2ಎಕ್ಸ್. ಅಂದರೆ −8 ≥ 2ಎಕ್ಸ್. ಅಂದರೆ −4 ≥ ಎಕ್ಸ್. ಎಲ್ಲೂ ಚಿಹ್ನೆ ತಿರುಗಿಸುವ ಕೆಲಸವೇ ಬರಲಿಲ್ಲ ನೋಡಿ. ಕೊನೆಗೆ ಬಲಗಡೆಯಿಂದ ಓದಿಕೊಳ್ಳಿ: ಎಕ್ಸ್ ಅಂದರೆ −4 ಅಥವಾ ಅದಕ್ಕಿಂತ ಕಡಿಮೆ.

ಆಮೇಲೆ ಒಂದು ಸಂಖ್ಯೆ ಹಾಕಿ ನೋಡಿ. ನಿಮ್ಮ ಉತ್ತರದಲ್ಲಿ 0 ಸೇರಿತ್ತು. ಎಕ್ಸ್ ಜಾಗದಲ್ಲಿ 0 ಇಟ್ಟರೆ 7 ≥ 15. ಸುಳ್ಳು ಅಲ್ವಾ? ಐದು ಸೆಕೆಂಡಿನ ಕೆಲಸ. ಆದರೆ −4 ಅನ್ನೇ ಇಟ್ಟು ನೋಡಿ ಖುಷಿಪಡಬೇಡಿ. ಅದು ಸರಿ ಉತ್ತರದಲ್ಲೂ ಇದೆ, ತಪ್ಪು ಉತ್ತರದಲ್ಲೂ ಇದೆ. ನಾನು ಬಹಳ ದಿನ ಹಾಗೇ ಪರೀಕ್ಷಿಸಿ, ಸರಿ ಇದೆ ಅಂದುಕೊಂಡು ಮೋಸ ಹೋಗಿದ್ದೇನೆ.

ಚಿಹ್ನೆ ಯಾಕೆ ತಿರುಗುತ್ತೆ ಅಂತ ಒಮ್ಮೆ ಸಂಖ್ಯಾರೇಖೆ ಬರೆದು ನೋಡಿ. 2ಕ್ಕಿಂತ 5 ಬಲಕ್ಕಿದೆ. ಎರಡಕ್ಕೂ ಮೈನಸ್ ಹಾಕಿದರೆ ಸೊನ್ನೆಯ ಆಚೆ ಬಿದ್ದು, −5 ಎಡಕ್ಕೆ ಹೋಗುತ್ತೆ. ಕನ್ನಡಿಯಲ್ಲಿ ನೋಡಿದ ಹಾಗೆ.

ಕೂಡು ಕಳೆ:
ಪೆನ್ಸಿಲ್ ಅವರ ಮಾತಿಗೆ ಒಂದು ಸೇರಿಸ್ತೀನಿ. ನನ್ನ ಅಂಕ ಜಾಸ್ತಿ ಹೋಗಿದ್ದು ಮಾತಿನ ಲೆಕ್ಕದಲ್ಲಿ. ಉದಾಹರಣೆಗೆ: 30 ಪ್ರಶ್ನೆ, ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಡಿತ, ಎಲ್ಲಾ ಪ್ರಶ್ನೆಗೂ ಉತ್ತರಿಸಿದ್ದಾನೆ. ಕನಿಷ್ಠ 72 ಅಂಕ ಬೇಕಾದರೆ ಎಷ್ಟು ಸರಿ ಇರಬೇಕು?

ಸರಿ ಉತ್ತರ ಎಕ್ಸ್ ಅಂದುಕೊಂಡರೆ 4ಎಕ್ಸ್ − (30 − ಎಕ್ಸ್) ≥ 72. ಆವರಣ ಬಿಡಿಸುವಾಗ ಎಕ್ಸ್ ಪ್ಲಸ್ ಆಗುತ್ತೆ, ಹುಷಾರು. 5ಎಕ್ಸ್ ≥ 102, ಎಕ್ಸ್ ≥ 20.4. ನಾನು 20 ಅಂತ ಬರೆದಿದ್ದೆ. ದಶಮಾಂಶ 5ಕ್ಕಿಂತ ಕಡಿಮೆ ಇದ್ದರೆ ಬಿಡೋದು ಅಂತ ಕೈಗೆ ಅಭ್ಯಾಸ! 20 ಸರಿ, 10 ತಪ್ಪು ಅಂದರೆ ಬರೋದು 70. ಉತ್ತರ 21. ‘ಕನಿಷ್ಠ’ ಅಂದರೆ ≥, ‘ಮೀರಬಾರದು’ ಅಂದರೆ ≤. ಪ್ರಶ್ನೆ ಓದುವಾಗಲೇ ಆ ಪದದ ಮೇಲೆ ಚಿಹ್ನೆ ಬರೆದುಬಿಡಿ.

ಮೈನಸ್ ಭಯ:
ಇಬ್ಬರಿಗೂ ಥ್ಯಾಂಕ್ಸ್. ಹಳೇ ಉತ್ತರ ಪತ್ರಿಕೆಗಳನ್ನು ತೆಗೆದು ನೋಡಿದೆ. 14 ತಪ್ಪಿನಲ್ಲಿ 9 ಮೈನಸ್‌ನದ್ದೇ. ಆವರಣದ ಮುಂದಿನ ಮೈನಸ್ಸೂ ಅದರಲ್ಲಿ ಸೇರಿದೆ, ಸಮೀಕರಣದಲ್ಲೂ ಅದು ನನ್ನನ್ನು ಬಿಟ್ಟಿಲ್ಲ. ‘ತೊಂದರೆ ಕೊಡಲ್ಲ’ ಅಂದಿದ್ದೆನಲ್ಲ, ಆ ಮಾತು ವಾಪಸ್.

ಇನ್ನೊಂದು ಉಳಿದಿದೆ. 6/ಎಕ್ಸ್ < 2. ಎಕ್ಸ್‌ನಿಂದ ಗುಣಿಸಿದೆ, 6 < 2ಎಕ್ಸ್, ಎಕ್ಸ್ > 3 ಬಂತು. ಉತ್ತರದ ಪುಟದಲ್ಲಿ ಇನ್ನೂ ಏನೋ ಸೇರಿಸಿದ್ದಾರೆ.

ಹಳೇ ಪೆನ್ಸಿಲ್:
ಇದು ರೇಖಾತ್ಮಕ ಅಲ್ಲ, ಆದರೆ ಕಾಯಿಲೆ ಅದೇ. ಎಕ್ಸ್ ಪ್ಲಸ್ಸೋ ಮೈನಸ್ಸೋ ಗೊತ್ತಿಲ್ಲದೆ ಗುಣಿಸಿದಿರಿ. −1 ಇಟ್ಟು ನೋಡಿ: −6 < 2, ನಿಜ. ಎಕ್ಸ್ ಸೊನ್ನೆಗಿಂತ ಕಡಿಮೆ ಇದ್ದರೆ ಎಡಗಡೆ ಯಾವಾಗಲೂ ಮೈನಸ್, ಹಾಗಾಗಿ ಆ ಸಂಖ್ಯೆಗಳೆಲ್ಲ ಸೇರುತ್ತವೆ. ಉತ್ತರ: ಎಕ್ಸ್ < 0 ಅಥವಾ ಎಕ್ಸ್ > 3. ಈಗ 6/ಎಕ್ಸ್ > 2 ನೀವೇ ಮಾಡಿ, ಉತ್ತರ ಇಲ್ಲೇ ಹಾಕಿ. ನೋಡ್ತೀನಿ.

ಮೈನಸ್ ಭಯ:
0 < ಎಕ್ಸ್ < 3. 1 ಇಟ್ಟು ನೋಡಿದೆ, −1 ಕೂಡ ಇಟ್ಟು ನೋಡಿದೆ. 3 ಅನ್ನು ಇಡಲಿಲ್ಲ :)