ಹತ್ತು ಗುಂಟೆ ಶಿರಾಜ್ ದ್ರಾಕ್ಷಿ: ವೈನ್ ಬಾಯಿಗೆ ಸಪ್ಪೆ, ಮೂಗಿಗೆ ಶಿರ್ಕಾ (ವಿನೆಗರ್). ಏನು ತಪ್ಪಾಯ್ತು?

ಜತ್ತದ ಬಾಗ:
ನಮ್ಮದು ಸಾಂಗ್ಲಿ ಜಿಲ್ಲೆ, ಜತ್ತ ತಾಲೂಕು. ಎರಡು ಎಕರೆ ಬೀಜವಿಲ್ಲದ ಥಾಮ್ಸನ್ ದ್ರಾಕ್ಷಿ ಇದೆ, ಅದೆಲ್ಲ ಮಣೂಕಕ್ಕೇ (ಒಣದ್ರಾಕ್ಷಿಗೇ) ಹೋಗುತ್ತದೆ. ಬಾವಿ ಪಕ್ಕದ ಹತ್ತು ಗುಂಟೆ ಕಲ್ಲುನೆಲದಲ್ಲಿ ಮಾತ್ರ ಶಿರಾಜ್. ಬೇರೆ ಹಣ್ಣು ಬೆರೆಸದೆ ಆ ತುಂಡಿನದೇ ವೈನ್ ಮಾಡಬೇಕು ಅನ್ನೋ ಹುಚ್ಚು ನನಗೆ. ಅಕ್ಟೋಬರ್‌ನಲ್ಲಿ ಚಾಟಣಿ (ಬಳ್ಳಿ ಕತ್ತರಿಸೋದು), ಮಾರ್ಚ್ ನಡುವೆ ಕಟಾವು. ರಸದ ಸಿಹಿ 26 ಬ್ರಿಕ್ಸ್ ಬಂದಿತ್ತು, ಖುಷಿಯಾಗಿದ್ದೆ. 100 ಕೆಜಿ ತುಳಿದು ಡ್ರಮ್ಮಿಗೆ ಹಾಕಿ ಯೀಸ್ಟ್ ಬಿಟ್ಟೆ. ನಾಲ್ಕನೇ ದಿನ ಸೊಲ್ಲಾಪುರದಲ್ಲಿ ಮದುವೆ. ಎರಡು ದಿನ ಡ್ರಮ್ ಯಾರೂ ಮುಟ್ಟಲಿಲ್ಲ. ಬಣ್ಣ ಮಾತ್ರ ಚಂದ ಬಂದಿದೆ. ಸರಿ ಮಾಡಬಹುದಾ? ಪರವಾನಗಿ ಕಾಗದ ಆಗಿದೆ, ಅದನ್ನು ಕೇಳಬೇಡಿ.

ಅಕ್ಕಲಕೋಟದವ:
ಅಣ್ಣಾರ, ಶಿರ್ಕಾ ಆದದ್ದು ತಿರುಗಿ ವೈನ್ ಆಗಲ್ಲ. ಹುದುಗುವಾಗ ಸಿಪ್ಪೆ ಮೇಲೆ ತೇಲಿ ದಪ್ಪ ಪದರ ಕಟ್ಟುತ್ತದೆ. ಗಾಳಿಗೆ ಬಿಟ್ಟರೆ ಹುಳಿ ಅಲ್ಲಿಂದಲೇ ಶುರು. ದಿನಕ್ಕೆ ಎರಡು ಮೂರು ಸಲ ಒತ್ತಿ ಮುಳುಗಿಸಬೇಕು. ಬಣ್ಣ, ಒಗರು ರಸಕ್ಕೆ ಇಳಿಯುವುದೂ ಹಾಗೇ. ಮದುವೆಗೆ ಹೋಗಿ, ಆದರೆ ಮನೆಯಲ್ಲಿ ಒಬ್ಬರಿಗೆ ಕೋಲು ಕೊಟ್ಟು ಹೋಗಿ! ಡ್ರಮ್ ಕಾಲುಭಾಗ ಖಾಲಿ ಬಿಟ್ಟಿದ್ರಾ? ಇಲ್ಲಾಂದ್ರೆ ಉಕ್ಕಿ ಹೊರಗೆ ಬರುತ್ತದೆ.

ಗಡಿನಾಡಿನ ಅಕ್ಕ:
ಸಪ್ಪೆಗೆ ಮದುವೆ ಕಾರಣ ಅಲ್ಲ, 26 ಬ್ರಿಕ್ಸ್ ಕಾರಣ. ನಮ್ಮ ಕಡೆ ಮಾರ್ಚ್ ಬಿಸಿಲಿಗೆ ಸಿಹಿ ಏರುತ್ತಾ ಹೋದಂತೆ ಹುಳಿ ಸುಟ್ಟು ಹೋಗುತ್ತದೆ. ಪಿಎಚ್ (ಹುಳಿಯ ಅಳತೆ, ಹುಳಿ ಕಡಿಮೆಯಾದಷ್ಟೂ ಅಂಕಿ ಹೆಚ್ಚು) ನೋಡಿದ್ರಾ? 3.6ರ ಆಸುಪಾಸಿದ್ದರೆ ಒಳ್ಳೆಯದು. 4 ದಾಟಿದರೆ ರುಚಿಯೂ ಸಪ್ಪೆ, ಕೆಡುವುದೂ ಬೇಗ, ಕೆಡದಂತೆ ಹಾಕುವ ಗಂಧಕದ ಪುಡಿಯ ಬಲವೂ ಕಡಿಮೆ. 23–24ಕ್ಕೇ ಕೊಯ್ಯಿರಿ. ಶೇ. 13ರ ಆಸುಪಾಸು ಆಲ್ಕೋಹಾಲ್ ಬರುತ್ತದೆ, ಅಷ್ಟು ಸಾಕಲ್ವಾ? ಬೆಳಗಿನ ತಂಪಲ್ಲೇ ಕೊಯ್ದು ತನ್ನಿ. ಬೀಜ ಕಂದಾಗಿದೆಯಾ ಅಂತ ಕಚ್ಚಿ ನೋಡಿ, ಮೀಟರ್ ಒಂದನ್ನೇ ನಂಬಬೇಡಿ. ಹುದುಗಲು ಶುರುವಾದ ಮೇಲೆ ಬ್ರಿಕ್ಸ್ ಮೀಟರ್ ಸುಳ್ಳು ಹೇಳುತ್ತದೆ, ಆಗ ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬಳಸಿ.

ಮಣೂಕದ ಮಾವ:
ಅಷ್ಟು ಕಷ್ಟ ಯಾಕ್ರೀ, ಅದನ್ನೂ ಶೆಡ್ಡಿಗೆ ಹಾಕಿ ಒಣಗಿಸಿ.

ಜತ್ತದ ಬಾಗ:
ಮಾವಾ, ಬೀಜ ಇರೋ ಮಣೂಕ ಯಾರು ತಗೋತಾರೆ? ಅಕ್ಕಾ, ಪಿಎಚ್ ನೋಡೇ ಇರಲಿಲ್ಲ, ಇವತ್ತು ಮೀಟರ್ ತಂದು ನೋಡಿದೆ: 4.1. ಮುಂದಿನ ಸಲ 23ಕ್ಕೇ ಕತ್ತರಿ. ಆ ಡ್ರಮ್ಮು ಈಗ ಅವ್ವನ ಪಾಲು. ಉಳ್ಳಾಗಡ್ಡಿ ನೆನೆಹಾಕಿ ರೊಟ್ಟಿ ಜೊತೆ ಕೊಟ್ಟಳು. ಮನೆಯವರು ಮೊದಲ ಸಲ ನನ್ನ ವೈನ್ ಹೊಗಳಿದರು.